ಕುದುರೆಮುಖಕ್ಕೆ ಯಾವ ತಿಂಗಳಲ್ಲಿ ಬರಬೇಕು?

ಜುಲೈ ಕೊನೆಯಲ್ಲಿ ನಾಲ್ಕು ದಿನ ರಜೆ ಇದೆ, ಅಪ್ಪ ಅಮ್ಮನೂ ಜೊತೆಗಿರ್ತಾರೆ, ಕುದುರೆಮುಖದ ತುದಿ ಹತ್ತಿ ಹಸಿರು ಬೆಟ್ಟಗಳ ಸಾಲು ನೋಡಬೇಕು ಅಂತ ಕೇಳಿದ್ದೀರಿ. ಆಗುವುದಾದರೆ ಆ ರಜೆಯನ್ನು ಅಕ್ಟೋಬರ್‌ಗೆ ತಳ್ಳಿ. ನಾನು ಈ ಬೆಟ್ಟವನ್ನು ಮಳೆಯಲ್ಲೂ ಚಳಿಯಲ್ಲೂ ಹತ್ತಿದ್ದೇನೆ. ನಿಮಗೆ ಬೇಕಾದ ನೋಟ ಜುಲೈನಲ್ಲಿ ಸಿಗುವುದು ತೀರಾ ಅಪರೂಪ.

ಅರಬ್ಬಿ ಸಮುದ್ರದ ಗಾಳಿ ಕರಾವಳಿ ದಾಟಿದ ಕೂಡಲೇ ಈ ಘಟ್ಟಕ್ಕೆ ಬಂದು ಬಡಿಯುತ್ತದೆ. ತುದಿಯ ಎತ್ತರ 1,890 ಮೀಟರ್‌ಗೂ ಸ್ವಲ್ಪ ಜಾಸ್ತಿ. ಗಾಳಿ ಮೇಲೇರುತ್ತಾ ತಣ್ಣಗಾಗಿ, ಹೊತ್ತು ತಂದ ನೀರನ್ನು ಇಲ್ಲೇ ಸುರಿಸುತ್ತದೆ. ಜೂನ್ ಕೊನೆಯ ಆರಿದ್ರಾದಿಂದ ಆಗಸ್ಟ್ ನಡುವಿನ ಆಶ್ಲೇಷಾ ಮಳೆಯವರೆಗೆ ಮೇಲೆ ನಿಂತರೆ ಕಾಣುವುದು ಬರೀ ಬಿಳಿ ಮೋಡ. ಹುಲ್ಲಿನ ಏಣಿನ (ಬೆಟ್ಟದ ನೆತ್ತಿಯ ಕಿರಿದಾದ ಸಾಲಿನ) ಮೇಲೆ ಗಾಳಿ ಮನುಷ್ಯನನ್ನೇ ಪಕ್ಕಕ್ಕೆ ದೂಡುತ್ತದೆ.

ಅದಕ್ಕಿಂತ ನನಗೆ ಭಯ ಹಳ್ಳಗಳದ್ದು. ಚಾರಣ ಶುರುವಾಗುವ ಮುಳ್ಳೋಡಿ ಊರಿನಿಂದ ಹೊರಡುವ ದಾರಿಯಲ್ಲಿ ಹಲವು ಕಡೆ ಹಳ್ಳ ದಾಟಬೇಕು. ಒಂದು ಜುಲೈಯಲ್ಲಿ ನಾವು ಬೆಳಿಗ್ಗೆ ದಾಟಿದಾಗ ನೀರು ಮೊಣಕಾಲಿಗೂ ಇರಲಿಲ್ಲ. ದಾರಿಯ ಗುರುತಾದ ಒಂಟಿಮರ ದಾಟಿ ಸ್ವಲ್ಪ ಹೊತ್ತಿಗೆ ಮಳೆ ಬಲವಾಯಿತು. ನಮ್ಮ ಗೈಡ್ ಅಣ್ಣ ನಿಂತು, ‘ಇಲ್ಲಿಂದ ವಾಪಸ್ ಹೋಗೋಣ, ಇನ್ನು ತಡ ಮಾಡಿದರೆ ಆಚೆ ದಡದಲ್ಲೇ ರಾತ್ರಿ ಕಳೀಬೇಕಾಗುತ್ತೆ’ ಅಂದರು. ಬೇಜಾರಾಯಿತು, ಆದರೂ ತಿರುಗಿದೆವು. ಅದೇ ಹಳ್ಳಕ್ಕೆ ಬಂದಾಗ ನೀರು ಸೊಂಟದ ಹತ್ತಿರ ಇತ್ತು. ಒಬ್ಬರ ಕೈ ಒಬ್ಬರು ಹಿಡಿದು ದಾಟಿದೆವು. ಮೇಲೆಲ್ಲೋ ಸುರಿದ ಮಳೆ ಕೆಳಗೆ ಅಷ್ಟು ಬೇಗ ಬರುತ್ತದೆ. ಚಿಕ್ಕಮಗಳೂರು ಜಿಲ್ಲೆಗೆ ಹವಾಮಾನ ಇಲಾಖೆಯ ಆರೆಂಜ್ ಅಥವಾ ರೆಡ್ ಅಲರ್ಟ್ (ಭಾರಿ ಮಳೆಯ ಎಚ್ಚರಿಕೆ) ಇದ್ದರೆ, ಬುಕಿಂಗ್ ಆಗಿದ್ದರೂ ದಯವಿಟ್ಟು ಹತ್ತಬೇಡಿ.

ಉಂಬಳ (ರಕ್ತ ಹೀರುವ ಜಿಗಣೆ) ಇರುತ್ತವೆ. ಉದ್ದ ಕಾಲುಚೀಲ ಹಾಕಿ, ಆಗಾಗ ಕಾಲು ನೋಡಿಕೊಳ್ಳಿ, ಅಷ್ಟೇ ಸಾಕು.

ಸೆಪ್ಟೆಂಬರ್ ಕೊನೆಯ ಹಸ್ತ ಮಳೆಯ ಹೊತ್ತಿಗೆ ಬೆಟ್ಟ ಬೇರೆಯೇ ಆಗುತ್ತದೆ. ಹುಲ್ಲು ಇನ್ನೂ ಹಸಿರು, ಹಳ್ಳಗಳು ತುಂಬಿದ್ದರೂ ದಾಟುವಂತಿರುತ್ತವೆ, ಮೋಡ ಸರಿದಾಗ ಸಾಲು ಸಾಲು ಬೆಟ್ಟ ತೆರೆದುಕೊಳ್ಳುತ್ತವೆ. ಬೆಟ್ಟದ ಮಡಿಕೆಗಳಲ್ಲಿ ಮಾತ್ರ ಕಪ್ಪಗೆ ಶೋಲಾ ಕಾಡು (ಗಿಡ್ಡ ಮರಗಳ ದಟ್ಟ ನಿತ್ಯಹಸಿರು ಕಾಡು), ಉಳಿದದ್ದೆಲ್ಲ ಹುಲ್ಲು. ನನ್ನ ಪ್ರಕಾರ ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ ಎಲ್ಲಕ್ಕಿಂತ ಒಳ್ಳೆಯದು. ಒಂದು ಎಚ್ಚರಿಕೆ: ಈ ಚಿತ್ತೆ, ಸ್ವಾತಿ ಮಳೆಗಳು ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಜೊತೆ ಬರುತ್ತವೆ. ಬೋಳು ಏಣಿನ ಮೇಲೆ ಸಿಡಿಲಿಗೆ ಎಲ್ಲಿ ಅಡಗುತ್ತೀರಿ? ಹೋಗಿ ಬರಲು ಸುಮಾರು 20 ಕಿ.ಮೀ. ಇದೆ. ಬೆಳಿಗ್ಗೆ ಒಳಗೆ ಬಿಡುವ ಹೊತ್ತಿಗೇ ಹೊರಡಿ. ಮಧ್ಯಾಹ್ನ ಒಂದಾಯಿತೋ, ಎಲ್ಲಿದ್ದರೂ ತಿರುಗಿ.

ಡಿಸೆಂಬರ್, ಜನವರಿಯಲ್ಲಿ ಆಕಾಶ ತಿಳಿ, ಬೆಳಗಿನ ಚಳಿ ಜೋರು, ಹುಲ್ಲು ಹೊಂಬಣ್ಣಕ್ಕೆ ತಿರುಗಿರುತ್ತದೆ. ದೂರದ ನೋಟ ಬೇಕಾದವರಿಗೆ ಇದೇ ಕಾಲ.

ಫೆಬ್ರವರಿಯಿಂದ ಮೇವರೆಗೆ ಬೇಡ. ಬೆಂಕಿಯ ಭಯಕ್ಕೆ ಅರಣ್ಯ ಇಲಾಖೆ ಸಾಮಾನ್ಯವಾಗಿ ಚಾರಣವನ್ನೇ ನಿಲ್ಲಿಸುತ್ತದೆ. ಇದನ್ನು ಸುಮ್ನೆ ಒಂದು ನಿಯಮ ಅಂದುಕೊಳ್ಳಬೇಡಿ. ಒಣಗಿದ ಹುಲ್ಲಿಗೆ ಒಂದು ಬೀಡಿ ತುಂಡು ಸಾಕು. ಹುಲ್ಲು ಮುಂದಿನ ಮಳೆಗೆ ಚಿಗುರುತ್ತದೆ, ಆದರೆ ಶೋಲಾ ಅಂಚಿನ ಸಣ್ಣ ಗಿಡಗಳು ಸುಟ್ಟರೆ ಕಾಡು ಹಿಂದೆ ಸರಿಯುತ್ತಾ ಹೋಗುತ್ತದೆ. ತುಂಗಾ, ಭದ್ರಾ ಹುಟ್ಟುವ ಗಂಗಾಮೂಲ ಇದೇ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗಿದೆ. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಿಗೆಯಲ್ಲಿ ಹಳ್ಳಗಳಿಗೆ ಬಿಡುವುದು ಈ ಹುಲ್ಲು, ಈ ಕಾಡು. 2005ರ ಕೊನೆಗೆ ಇಲ್ಲಿನ ಕಬ್ಬಿಣದ ಅದಿರಿನ ಗಣಿ ನಿಲ್ಲಲು ಎಷ್ಟು ಜನ ಹೋರಾಡಬೇಕಾಯಿತು! ಅಂಥ ಜಾಗ ಇದು.

ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಿ. ಶನಿವಾರ, ಭಾನುವಾರ ಬೇಗ ತುಂಬುತ್ತವೆ, ವಾರದ ನಡುವೆ ಬನ್ನಿ.

ಅಪ್ಪ ಅಮ್ಮನಿಗೆ ತುದಿ ಕಷ್ಟ. ಅವರನ್ನು ಹತ್ತಿರದ ಕಳಸ ಊರಿನಲ್ಲಿ ಉಳಿಸಿ. ನೀವು ಹತ್ತುವ ದಿನ ಅವರು ಕಳಸೇಶ್ವರನನ್ನು ನೋಡಿ, ಹೊರನಾಡಿಗೆ ಹೋಗಿ ಅನ್ನಪೂರ್ಣೇಶ್ವರಿಯ ಊಟ ಮಾಡಿ ಬರಲಿ. ಮರುದಿನ ಎಲ್ಲರೂ ಕಾರಿನಲ್ಲಿ ಕುದುರೆಮುಖ ಊರಿನ ಮೂಲಕ ಕಾರ್ಕಳದ ಕಡೆ ಇಳಿಯಿರಿ. ಆ ದಾರಿ ಬಹುಪಾಲು ಕಾಡಿನೊಳಗೆ ಹೋಗುತ್ತದೆ, ಅವರಿಗೆ ಕಿಟಕಿಯಿಂದಲೇ ಬೆಟ್ಟ ಕಾಣುತ್ತದೆ. ರಾತ್ರಿ ಆ ರಸ್ತೆ ಮುಚ್ಚಿರುತ್ತದೆ, ಹಾಗಾಗಿ ಬೆಳಿಗ್ಗೆಯೇ ಹೊರಡಿ.