ಲಾವೋತ್ಸೆಯನ್ನು ಕೆಡಿಸಿದವರು ಯಾರು?

ಪತ್ರ: ‘ದಾವ್ ದ ಜಿಂಗ್’ ಓದುತ್ತಿದ್ದೇನೆ. ಒಂದೊಂದು ಪುಸ್ತಕದಲ್ಲಿ ಒಂದೊಂದು ಅರ್ಥ. ಲಾವೋತ್ಸೆ ಹೇಳಿದ್ದು ಶುದ್ಧ ತತ್ವ, ಆಮೇಲೆ ಪೂಜಾರಿಗಳು ದೇವರು, ಮಂತ್ರ ಸೇರಿಸಿ ಕೆಡಿಸಿದರು ಅನ್ನಿಸುತ್ತದೆ. ಸರಿಯಲ್ವಾ?
– ಓದುಗರೊಬ್ಬರು, ಶಿವಮೊಗ್ಗ

ಸಂಪಾದಕರ ಉತ್ತರ: ಪ್ರಾಚೀನ ಚೀನಾದ ಜ್ಞಾನಿ ಲಾವೋತ್ಸೆಯದು ಅನ್ನುವ, ಸುಮಾರು 5,000 ಅಕ್ಷರಗಳ ಚೀನೀ ಗ್ರಂಥವೊಂದನ್ನು ನಾಲ್ಕಾರು ಪುಸ್ತಕ ಹೋಲಿಸಿ ಓದುವವರು ನಮ್ಮ ಓದುಗರಲ್ಲಿದ್ದಾರೆ ಅಂತ ತಿಳಿದು ಖುಷಿಯಾಯಿತು. ಆದರೆ ‘ಕೆಡಿಸಿದರು’ ಅನ್ನೋ ಮಾತನ್ನು ಒಪ್ಪಲಾರೆ.

ಹಳೆಯ ಪಾಠ ಹುಡುಕುವುದು ತಪ್ಪಲ್ಲ. 1993ರಲ್ಲಿ ಹುಬೈ ಪ್ರಾಂತ್ಯದ ಗುವೊದಿಯನ್‌ನ ಗೋರಿಯಲ್ಲಿ ಈ ಗ್ರಂಥದ ಭಾಗಗಳನ್ನು ಬರೆದಿದ್ದ ಬಿದಿರಿನ ಪಟ್ಟಿಗಳು ಸಿಕ್ಕವು. ಕ್ರಿ.ಪೂ. 300ರ ಆಸುಪಾಸಿನವು. ಈಗಿನ 19ನೇ ಅಧ್ಯಾಯ ಕರುಣೆ, ಧರ್ಮ ಎರಡನ್ನೂ ಬಿಟ್ಟುಬಿಡಿ ಅನ್ನುತ್ತದೆ. ಇದು ಇವೆರಡನ್ನೂ ಎತ್ತಿಹಿಡಿದ ಕನ್‌ಫ್ಯೂಶಿಯಸ್‌ನ ಕಡೆಯವರಿಗೆ ಕೊಟ್ಟ ಏಟು ಅಂತಲೇ ಓದಿಕೊಂಡು ಬಂದಿದ್ದರು. ಬಿದಿರಿನ ಪಾಠದಲ್ಲಿ ಆ ಏಟೇ ಇಲ್ಲ. ಇಂಥದ್ದೆಲ್ಲ ಗೊತ್ತಿರಬೇಕು, ಸರಿ.

ಆದರೆ ನೀವು ಹೇಳುವ ಶುದ್ಧ ತತ್ವವೂ ಒಬ್ಬರ ವ್ಯಾಖ್ಯಾನವೇ. ಅದರಲ್ಲಿ ಹೆಚ್ಚಿನ ಪಾಲು ವಾಂಗ್ ಬಿಯದು. ಈ ಗ್ರಂಥಕ್ಕೆ ವ್ಯಾಖ್ಯಾನ ಬರೆದ ಚೀನೀ ಪಂಡಿತ, ಅಸಾಧ್ಯ ಬುದ್ಧಿವಂತ, ಕ್ರಿ.ಶ. 249ರಲ್ಲಿ 23ರ ಪ್ರಾಯಕ್ಕೇ ತೀರಿಕೊಂಡ. ಐದನೇ ಅಧ್ಯಾಯದ ಮೊದಲ ಸಾಲು ತೆಗೆದುಕೊಳ್ಳಿ: ಆಕಾಶ, ಭೂಮಿಗಳಿಗೆ ಕರುಣೆಯಿಲ್ಲ, ಜೀವಗಳೆಲ್ಲ ಅವಕ್ಕೆ ಹುಲ್ಲಿನ ನಾಯಿಗಳು (ಪೂಜೆಗೆ ಮಾಡಿ ಆಮೇಲೆ ಎಸೆಯುವ ಬೊಂಬೆಗಳು). ಪ್ರಕೃತಿ ತನ್ನ ಪಾಡಿಗೆ ತಾನು ನಡೆಯುತ್ತದೆ, ಯಾರಿಗೋಸ್ಕರವೂ ಏನನ್ನೂ ಮಾಡುವುದಿಲ್ಲ ಅಂದ ವಾಂಗ್ ಬಿ. ದಾವ್ ಧರ್ಮದ ಹಳೆಯ ಪಂಥವಾದ ದಿವ್ಯಗುರುಗಳ ಪಂಥದ ‘ಶಿಯಾಂಗ್ ಎರ್’ ವ್ಯಾಖ್ಯಾನ ಹೇಳುವುದೇ ಬೇರೆ: ಒಳ್ಳೆಯವರ ಮೇಲೆ ಕರುಣೆ ಇದೆ, ಕೆಟ್ಟವರ ಮೇಲೆ ಇಲ್ಲ.

ಬಲವಂತದ ಅರ್ಥ ಅನ್ನಿಸಿತೇ? ಹಾನ್ ಸಾಮ್ರಾಜ್ಯ ಕುಸಿಯುತ್ತಿದ್ದ ಕಾಲ ಅದು. ಆ ಪಂಥದ ಸಾಮಾನ್ಯ ಜನ ಈ ಗ್ರಂಥವನ್ನು ಬಾಯಿಪಾಠ ಮಾಡುತ್ತಿದ್ದರು, ಅದರಂತೆ ಬದುಕಲು ನೋಡುತ್ತಿದ್ದರು. ಪಂಡಿತನ ಅರ್ಥ ಶುದ್ಧ, ಇವರದ್ದು ಕಲಬೆರಕೆ ಅನ್ನೋದು ಅನ್ಯಾಯ.

ಈ ತಾತ್ಸಾರ ಹಳೆಯದು. ಇಮ್ಮಡಿ ಪುಲಿಕೇಶಿಯ ನಾಡಿಗೂ ಬಂದಿದ್ದ ಹ್ಯೂಯೆನ್‌ತ್ಸಾಂಗ್ ಗೊತ್ತಲ್ಲ? ಕಾಮರೂಪದ (ಈಗಿನ ಅಸ್ಸಾಂ ಕಡೆಯ) ರಾಜ ಕೇಳಿದ್ದ ಅಂತ, 647ರಲ್ಲಿ ಚೀನಾದ ಚಕ್ರವರ್ತಿ ಹ್ಯೂಯೆನ್‌ತ್ಸಾಂಗ್‌ನಿಗೆ ಈ ಗ್ರಂಥವನ್ನು ಸಂಸ್ಕೃತಕ್ಕೆ ತರಲು ಹೇಳಿದ. ಹೆಶಾಂಗ್ ಗೊಂಗ್ ಅನ್ನೋ ಇನ್ನೊಬ್ಬರ ಹಳೆಯ ವ್ಯಾಖ್ಯಾನದ ಮುನ್ನುಡಿಯನ್ನೂ ಸೇರಿಸಿ ಅಂತ ದಾವ್ ಪಂಥದವರು ಕೇಳಿಕೊಂಡರು. ಆ ಮುನ್ನುಡಿಯಲ್ಲಿ ಹಲ್ಲು ಕಟಕಟಿಸುವುದು, ಜೊಲ್ಲು ನುಂಗುವುದು, ಇದೆಲ್ಲ ಕೀಳು ಮಾತು ಅಂತ ಅವನು ಒಪ್ಪಲಿಲ್ಲ. ದೊಡ್ಡ ವಿದ್ವಾಂಸ, ನಿಜ. ಆದರೆ ಆಯುಷ್ಯಕ್ಕಾಗಿ ಉಸಿರು, ಮೈ ಪಳಗಿಸುತ್ತಿದ್ದವರಿಗೆ ಅದೇ ಸಾಧನೆಯಾಗಿತ್ತು.

ಇವತ್ತೂ ಅಷ್ಟೇ. ವಾಟ್ಸಾಪ್‌ನಲ್ಲಿ ಲಾವೋತ್ಸೆಯ ಹೆಸರಲ್ಲಿ ಒಂದು ಸಾಲು, ಹಿಂದೆ ಮಂಜು ಮುಸುಕಿದ ಬೆಟ್ಟ. ಯಾರು ಓದಿದರು, ಹೇಗೆ ಓದಿದರು ಅನ್ನೋದು ಯಾರಿಗೂ ಬೇಡ. ಹಳೆಯ ವ್ಯಾಖ್ಯಾನಗಳನ್ನೂ ಸೇರಿಸಿ ಪುಸ್ತಕ ತನ್ನಿ ಅಂದರೆ, ‘ಪುಟ ಜಾಸ್ತಿಯಾಗುತ್ತೆ ಸಾರ್, ಯಾರು ಕೊಳ್ತಾರೆ?’ ಅಂತ ಪ್ರಕಾಶಕರೊಬ್ಬರು ನನ್ನನ್ನೇ ಕೇಳಿದರು. ನಿಮ್ಮಂಥವರು ಕೊಳ್ಳುತ್ತಾರೆ ಅಂತ ಹೇಳಿದ್ದೇನೆ. ಮುಂದಿನ ಸಲ ಪುಸ್ತಕ ಕೈಗೆತ್ತಿಕೊಂಡಾಗ, ಒಳಗಿರುವ ಅರ್ಥ ಯಾರದ್ದು ಅಂತ ಮೊದಲು ನೋಡಿ, ನಮಗೂ ಬರೆಯಿರಿ.