ಕ್ಲಾರಾ ಬೋ ಇರುವ ಕಾಲೇಜು ಫುಟ್‌ಬಾಲ್ ಮೂಕಿ ಚಿತ್ರ

ಹಾಲಿವುಡ್ ನಟಿ ಕ್ಲಾರಾ ಬೋ ಇರುವ, ಕಾಲೇಜು ಫುಟ್‌ಬಾಲ್ ಕಥೆಯ ಮೂಕಿ ಚಿತ್ರ ಯಾವುದು ಅಂತ ನೀವು ಕೇಳಿದ್ದಿರಿ. ಅದು 'ದಿ ಪ್ಲಾಸ್ಟಿಕ್ ಏಜ್' ಇರಬೇಕು, 1925ರದ್ದು. ಮೂಕಿ ಕಾಲದ ಹಾಸ್ಯನಟ ಹೆರಾಲ್ಡ್ ಲಾಯ್ಡ್‌ನ 'ದಿ ಫ್ರೆಶ್‌ಮನ್' ತರಹ ಕಾಮಿಡಿನಾ ಅಂದಿರಿ. ಅಲ್ಲ. 'ದಿ ಫ್ರೆಶ್‌ಮನ್' ಕೂಡ ಅದೇ ವರ್ಷದ್ದು, ಅದರಲ್ಲೂ ಕಾಲೇಜು ಫುಟ್‌ಬಾಲ್ ಇದೆ, ಅದಕ್ಕೇ ಜನ ಎರಡನ್ನೂ ಸೇರಿಸಿಬಿಡುತ್ತಾರೆ. 'ದಿ ಪ್ಲಾಸ್ಟಿಕ್ ಏಜ್' ಪ್ರೇಮದ ಕಥೆ, ನಗು ಅಲ್ಲಲ್ಲಿ ಅಷ್ಟೇ.

ನಾಯಕ ಹ್ಯೂ ಒಳ್ಳೆಯ ಆಟಗಾರ. ಕಾಲೇಜಿಗೆ ಬಂದು ಸಿಂಥಿಯಾಳ (ಕ್ಲಾರಾ ಬೋ) ಹಿಂದೆ ಬೀಳುತ್ತಾನೆ. ಪಾರ್ಟಿ, ಡ್ಯಾನ್ಸ್ ಜಾಸ್ತಿಯಾಗಿ ಆಟ ಕೆಡುತ್ತದೆ. ರೂಮ್‌ಮೇಟ್‌ಗೂ ಅವಳ ಮೇಲೇ ಕಣ್ಣು! ತನ್ನಿಂದ ಇವನು ಹಾಳಾಗ್ತಿದ್ದಾನೆ ಅಂತ ಅವಳೇ ದೂರ ಸರಿಯುತ್ತಾಳೆ. ನನಗೆ ಚಿತ್ರದ ಜೀವ ಇರೋದು ಅಲ್ಲೇ. ಮಾತಿಲ್ಲದೆ, ಬರೀ ಕಣ್ಣಲ್ಲೇ ಕ್ಲಾರಾ ಬೋ ಎಲ್ಲವನ್ನೂ ಹೇಳಿಬಿಡುತ್ತಾಳೆ. ಅವಳ ಎದುರು ನಾಯಕ ಡೊನಾಲ್ಡ್ ಕೀತ್ ಸ್ವಲ್ಪ ಸಪ್ಪೆ.

ಫುಟ್‌ಬಾಲ್ ಅಂದರೆ ನಮ್ಮ ಕಾಲ್ಚೆಂಡಲ್ಲ, ಅಮೆರಿಕದ್ದು. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳನ್ನು ದಾಟಿ ಓಡಬೇಕು. ಇಷ್ಟು ಗೊತ್ತಿದ್ದರೆ ಕೊನೆಯ ಪಂದ್ಯ ಅರ್ಥವಾಗುತ್ತದೆ.

ಅಂದಹಾಗೆ, ಮುಂದೆ ಹಾಲಿವುಡ್‌ನ ದೊಡ್ಡ ತಾರೆಯಾದ ಕ್ಲಾರ್ಕ್ ಗೇಬಲ್ ಇದರಲ್ಲಿ ಚಿಕ್ಕದೊಂದು ಪಾತ್ರದಲ್ಲಿದ್ದಾನೆ, ಹೆಸರೂ ಹಾಕಿಲ್ಲ. ಆಟಗಾರರ ಗುಂಪಲ್ಲಿ ಹುಡುಕಿ ನೋಡಿ.