ಕೆಂಪು ಸೀಗಡಿ ಕೆಂಪಾಗಿಯೇ ಉಳಿಯಬೇಕಾದರೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಕ್ವೇರಿಯಂನ ಬಣ್ಣದ ಸೀಗಡಿಗಳ ಬಗ್ಗೆಯೇ ಇವೆ. ಹಾಗಾಗಿ ಈ ಕಂತು ಪೂರ್ತಿ ಅವಕ್ಕೇ ಮೀಸಲು.

ಪ್ರಶ್ನೆ: ಹೋದ ವರ್ಷ ಅಂಗಡಿಯಿಂದ ಚೆಂದದ ರೆಡ್ ಚೆರಿ ಸೀಗಡಿ ತಂದು ಬಿಟ್ಟೆ. ಈಗ ಟ್ಯಾಂಕ್ ತುಂಬಾ ಮರಿಗಳಿವೆ. ಆದರೆ ಯಾವುದೂ ಮೊದಲಿನವುಗಳಷ್ಟು ಕೆಂಪಿಲ್ಲ, ಕೆಲವಂತೂ ಬಣ್ಣವೇ ಇಲ್ಲದೆ ಆಚೆ ಕಡೆ ಕಾಣುವಷ್ಟು ತಿಳಿಯಾಗಿವೆ. ಬಣ್ಣ ಬರಿಸುವ ಆಹಾರ ಹಾಕಿ ಅಂತಾರೆ ಅಂಗಡಿಯವರು. ಹಾಕಿದರೆ ಸರಿಹೋಗುತ್ತಾ? (ಮೈಸೂರು)

ಉತ್ತರ: ಸ್ವಲ್ಪ ಮೆರುಗು ಬರಬಹುದು, ಆದರೆ ಸರಿಹೋಗುವುದಿಲ್ಲ. ನಿಮ್ಮ ಸೀಗಡಿಯ ಹೆಸರು ನಿಯೋಕ್ಯಾರಿಡಿನಾ ಡೇವಿಡಿ. ಚೀನಾದ ಪೂರ್ವ ಭಾಗ, ತೈವಾನ್, ಕೊರಿಯಾ ಕಡೆಯ ಹಳ್ಳಕೊಳ್ಳಗಳಲ್ಲಿ ಇದು ಈಗಲೂ ಇದೆ. ಅಲ್ಲಿ ಅದು ಕೆಂಪಲ್ಲ, ಕಂದು, ಬೂದು, ಹಸಿರು ಬೆರೆತ ಮಂಕು ಬಣ್ಣ. ಕೊಳೆತ ಎಲೆ, ಕೆಸರಿನ ನಡುವೆ ಮೀನಿನ ಕಣ್ಣಿಗೆ ಬೀಳದೆ ಬದುಕಲು ಅದಕ್ಕೆ ಬೇಕಾದದ್ದು ಅದೇ ಬಣ್ಣ. ಅಂಥವುಗಳಲ್ಲಿ ಸ್ವಲ್ಪ ಕೆಂಪು ಕಂಡದ್ದನ್ನು ಸಾಕುವವರು ಎತ್ತಿಟ್ಟು, ಅದರ ಮರಿಗಳಲ್ಲಿ ಮತ್ತೆ ಜಾಸ್ತಿ ಕೆಂಪಿರುವುದನ್ನು ಆರಿಸಿ, ತಲೆಮಾರುಗಟ್ಟಲೆ ಹಾಗೇ ಮಾಡುತ್ತಾ ಬಂದದ್ದರಿಂದ ರೆಡ್ ಚೆರಿ ಎಂಬ ತಳಿ ಇದೆ. ಆರಿಸುವುದು ನಿಂತಿತು ಅಂದರೆ ಮಂಕು ಬಣ್ಣದವೂ ಅಷ್ಟೇ ಜೋರಾಗಿ ಮರಿ ಹಾಕುತ್ತವೆ, ಬಣ್ಣ ಇಳಿಯುತ್ತಾ ಹೋಗುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಆಗಿರುವುದು ಇಷ್ಟೇ.

ಆಹಾರದ ವಿಷಯ ಪೂರ್ತಿ ಸುಳ್ಳಲ್ಲ. ಕೆಂಪಿಗೆ ಬೇಕಾದ ಆಸ್ಟಾಕ್ಸಾಂಥಿನ್‌ನಂಥ ವಸ್ತುವಿನ ಮೂಲ ಆಹಾರದಿಂದಲೇ ಬರಬೇಕು. ಟ್ಯಾಂಕಿನಲ್ಲಿ ಬೆಳೆಯುವ ಪಾಚಿ, ಬೇಯಿಸಿದ ಪಾಲಕ್, ಕ್ಯಾರೆಟ್ ಇದ್ದರೆ ಸಾಕು. ಕೆಳಗೆ ಹಾಸಿದ ಮರಳೂ ಮುಖ್ಯ. ಬಿಳಿ ಮರಳಿನ ಮೇಲೆ ಸೀಗಡಿ ತನ್ನ ಬಣ್ಣ ಕುಗ್ಗಿಸಿಕೊಳ್ಳುತ್ತದೆ, ಕಪ್ಪು ಮರಳಿನ ಮೇಲೆ ಅದೇ ಸೀಗಡಿ ಗಾಢವಾಗಿ ಕಾಣುತ್ತದೆ. ಆದರೆ ಇದೆಲ್ಲ ಇರುವ ಬಣ್ಣವನ್ನು ತೋರಿಸುವ ದಾರಿ. ಇಲ್ಲದ ಬಣ್ಣ ಹುಟ್ಟುವುದಿಲ್ಲ, ಮರಿಗಳಿಗೂ ದಾಟುವುದಿಲ್ಲ.

ಪ್ರಶ್ನೆ: ಮರಿಗಳನ್ನು ಆರಿಸಿ ತಳಿ ಬೆಳೆಸಬೇಕು ಅಂತ ಎಲ್ಲರೂ ಹೇಳುತ್ತಾರೆ. ಯಾವಾಗ ಆರಿಸಬೇಕು, ಏನು ನೋಡಬೇಕು ಅಂತ ಮಾತ್ರ ಯಾರೂ ಹೇಳುವುದಿಲ್ಲ. ನನ್ನ ಹತ್ತಿರ ಎರಡು ಟ್ಯಾಂಕ್ ಇವೆ. (ಹುಬ್ಬಳ್ಳಿ)

ಉತ್ತರ: ಎರಡು ಟ್ಯಾಂಕ್ ಇದ್ದರೆ ಶುರು ಮಾಡಬಹುದು. ಒಂದು ತಳಿಯ ಟ್ಯಾಂಕ್, ಇನ್ನೊಂದು ಹೊರಗಿಟ್ಟವುಗಳ ಟ್ಯಾಂಕ್.

ಮೊದಲು ಅದರ ಬದುಕಿನ ವೇಗ ತಿಳಿದಿರಲಿ. ಹೆಣ್ಣು ಹೊಟ್ಟೆಯ ಕೆಳಗೆ 20-30 ಮೊಟ್ಟೆ ಹೊತ್ತುಕೊಂಡು 3-4 ವಾರ ಓಡಾಡುತ್ತದೆ. ಮೊಟ್ಟೆಯಿಂದ ಬರುವ ಮರಿ ಅಪ್ಪ ಅಮ್ಮನದೇ ಪುಟ್ಟ ರೂಪ, ಸಮುದ್ರದ ಸೀಗಡಿಯ ಹಾಗೆ ನೀರಲ್ಲಿ ತೇಲುವ ಬೇರೆ ಹಂತ ಇದಕ್ಕಿಲ್ಲ. 2-3 ತಿಂಗಳಿಗೆ ಆ ಮರಿಯೇ ಮರಿ ಹಾಕಲು ತಯಾರು. ಅಂದರೆ ವರ್ಷಕ್ಕೆ ಸುಮಾರು ಮೂರು ತಲೆಮಾರು ನಿಮ್ಮ ಕೈಗೆ ಸಿಗುತ್ತದೆ. ನಾಯಿ, ದನದ ತಳಿ ಬೆಳೆಸುವವರಿಗೆ ಈ ಭಾಗ್ಯ ಇಲ್ಲ.

ಬಹಳ ಎಳೆಯ ಮರಿಯನ್ನು ನೋಡಿ ತೀರ್ಮಾನ ಮಾಡಬೇಡಿ, ಬಣ್ಣ ಏರುವುದು ಬೆಳೆಯುತ್ತಾ ಹೋದಂತೆ. ಹಾಗಂತ ತುಂಬಾ ತಡ ಮಾಡಿದರೆ ಮಂಕಾದವು ಆಗಲೇ ಮರಿ ಹಾಕಿರುತ್ತವೆ. ಮರಿಗೆ ಒಂದೂವರೆ, ಎರಡು ತಿಂಗಳು ಆಗುವ ಹೊತ್ತಿಗೆ ಮೊದಲ ಸುತ್ತು, ಪೂರ್ತಿ ಬೆಳೆದ ಮೇಲೆ ಇನ್ನೊಂದು ಸುತ್ತು ಅಂತ ಇಟ್ಟುಕೊಳ್ಳಿ. ಆಗ ತಾನೇ ಪೊರೆ ಬಿಟ್ಟದ್ದು, ಅವತ್ತೇ ಟ್ಯಾಂಕ್ ಬದಲಾಯಿಸಿದ್ದು, ಇವು ಹೆದರಿ ಬಿಳಿಚಿಕೊಂಡಿರುತ್ತವೆ. ಅವನ್ನು ಆ ದಿನ ಅಳೆಯಬೇಡಿ. ಎಲ್ಲವನ್ನೂ ಒಂದೇ ಬೆಳಕಿನಲ್ಲಿ, ಒಂದೇ ಕಪ್ಪು ಹಿನ್ನೆಲೆಯಲ್ಲಿ ನೋಡಿ.

ಹೆಣ್ಣಿನಲ್ಲಿ ನೋಡಬೇಕಾದದ್ದು ಬೆನ್ನಲ್ಲ, ಕಾಲು ಮತ್ತು ಹೊಟ್ಟೆಯ ಪಕ್ಕ. ಬೆನ್ನು ಸಾಮಾನ್ಯ ರೆಡ್ ಚೆರಿಗೂ ಕೆಂಪಿರುತ್ತದೆ. ಕಾಲಿನ ತುದಿಯವರೆಗೆ ಬಣ್ಣ ತುಂಬಿದ್ದರೆ, ಒಳಗಿನ ಮೊಟ್ಟೆಗಳ ಗುರುತು, ಅಂದರೆ ಕತ್ತಿನ ಹಿಂದೆ ಕಾಣುವ ಹಳದಿ ಸ್ಯಾಡಲ್, ಬಣ್ಣದಿಂದಾಗಿ ಕಾಣದಷ್ಟು ಗಟ್ಟಿಯಾಗಿದ್ದರೆ ಅದನ್ನು ಬಿಡಬೇಡಿ. ಸಕುರಾ, ಫೈರ್ ರೆಡ್, ಪೇಂಟೆಡ್ ಫೈರ್ ರೆಡ್ ಅಂತ ದರ್ಜೆ ಕಟ್ಟುವುದು ಹೆಚ್ಚುಕಮ್ಮಿ ಇದೇ ಲೆಕ್ಕದಲ್ಲಿ. ಆದರೆ ಎಲ್ಲರೂ ಒಪ್ಪಿದ ಒಂದೇ ಅಳತೆಗೋಲು ಅಂತ ಇಲ್ಲ, ಒಬ್ಬರ ಫೈರ್ ರೆಡ್ ಇನ್ನೊಬ್ಬರಿಗೆ ಬರೀ ಸಕುರಾ. ಹೆಸರು ನೋಡಿ ದುಡ್ಡು ಕೊಡಬೇಡಿ, ಸೀಗಡಿ ನೋಡಿ ಕೊಡಿ.

ಇನ್ನು ಗಂಡು. ಎಷ್ಟೋ ಜನ ಎಡವುವುದು ಇಲ್ಲೇ. ಗಂಡು ಸಣ್ಣದು, ತೆಳ್ಳಗಿರುತ್ತದೆ, ಹೊಟ್ಟೆಯ ಕೆಳಗಿನ ಗೆರೆ ನೇರವಾಗಿರುತ್ತದೆ, ಬಣ್ಣ ಸಾಮಾನ್ಯವಾಗಿ ಹೆಣ್ಣಿಗಿಂತ ಕಮ್ಮಿ. ಗಂಡು ಅಲ್ವಾ, ಹೀಗೇ ಇರುತ್ತೆ ಅಂತ ಎಲ್ಲ ಗಂಡುಗಳನ್ನೂ ತಳಿಯ ಟ್ಯಾಂಕಿನಲ್ಲೇ ಬಿಟ್ಟುಬಿಡುತ್ತಾರೆ. ಮರಿಯ ಅರ್ಧ ಗುಣ ಅಪ್ಪನದು! ಗಂಡುಗಳನ್ನು ಹೆಣ್ಣಿನ ಜೊತೆ ಹೋಲಿಸದೆ ಗಂಡುಗಳ ಜೊತೆಯೇ ಹೋಲಿಸಿ, ಅವುಗಳಲ್ಲಿ ಅತಿ ಕೆಂಪಾದವನ್ನು ಮಾತ್ರ ಉಳಿಸಿ. ನನ್ನ ಮಟ್ಟಿಗೆ ಒಳ್ಳೆಯ ಹೆಣ್ಣಿಗಿಂತ ಒಳ್ಳೆಯ ಗಂಡು ಹುಡುಕುವುದಕ್ಕೇ ಜಾಸ್ತಿ ಸಮಯ ಕೊಡಬೇಕು.

ಅಂಗಡಿಯಿಂದ ಮೊಟ್ಟೆ ಹೊತ್ತ ಹೆಣ್ಣು ತಂದಿದ್ದರೆ ಆ ಮರಿಗಳ ಅಪ್ಪ ಯಾರು ಅಂತ ನಿಮಗೆ ಗೊತ್ತಿರುವುದಿಲ್ಲ. ಅವನ್ನು ಬೇರೆಯಾಗಿ ಬೆಳೆಸಿ, ನೋಡಿ, ಆಮೇಲೆ ತಳಿಗೆ ಸೇರಿಸಿ.

ಪ್ರಶ್ನೆ: ಕೆಂಪು, ನೀಲಿ, ಹಳದಿ ಚೆರಿ ಸೀಗಡಿ ಒಟ್ಟಿಗೆ ಇಟ್ಟರೆ ಹೊಸ ಬಣ್ಣ ಬರುತ್ತಾ? (ಬೆಂಗಳೂರು)

ಉತ್ತರ: ಹಳೆಯ ಬಣ್ಣ ಬರುತ್ತದೆ. ಮೂರೂ ಒಂದೇ ಜಾತಿ, ಒಂದರೊಡನೊಂದು ಕೂಡುತ್ತವೆ, ಕೆಲವೇ ತಲೆಮಾರಿಗೆ ಟ್ಯಾಂಕ್ ತುಂಬಾ ಕಂದು ಮರಿಗಳು. ಮೂರು ಬಣ್ಣ ಬೇಕಿದ್ದರೆ ಮೂರು ಟ್ಯಾಂಕ್ ಇಡಿ.

ಪ್ರಶ್ನೆ: ಕ್ರಿಸ್ಟಲ್ ರೆಡ್ ಸಾಕಬೇಕು ಅಂತ ಬಹಳ ಆಸೆ. ನಮ್ಮ ಊರಿನ ಬಿಸಿಲಿಗೆ ಆಗುತ್ತದಾ? ಅದು ಕೂಡ ಚೆರಿ ಸೀಗಡಿಯಿಂದ ಬಂದದ್ದೇ? (ಕಲಬುರಗಿ)

ಉತ್ತರ: ಅಲ್ಲ, ಅದು ಕ್ಯಾರಿಡಿನಾ ಎಂಬ ಬೇರೆ ಗುಂಪಿನದು. ಚೆರಿ ಸೀಗಡಿಯ ಜೊತೆ ಕೂಡಿ ಮರಿ ಹಾಕುವುದಿಲ್ಲ. ಅದರ ಕತೆ ಚೆನ್ನಾಗಿದೆ. ಜಪಾನಿನ ಹಿಸಾಯಾಸು ಸುಜುಕಿ ಎಂಬವರು ಕಪ್ಪು ಬಿಳಿ ಪಟ್ಟೆಯ ಬೀ ಸೀಗಡಿ ಸಾಕುತ್ತಿದ್ದರು. 1990ರ ದಶಕದಲ್ಲಿ ಅವರ ಸೀಗಡಿಗಳ ನಡುವೆ ಕಪ್ಪಿನ ಬದಲು ಕೆಂಪು ಪಟ್ಟೆಯದು ಕಾಣಿಸಿಕೊಂಡಿತು. ಅದೇ ಕ್ರಿಸ್ಟಲ್ ರೆಡ್‌ನ ಮೂಲ. ಆ ಕೆಂಪು ಅಡಗಿರುವ ಗುಣ. ಅಪ್ಪನಿಂದಲೂ ಬರಬೇಕು, ಅಮ್ಮನಿಂದಲೂ ಬರಬೇಕು, ಆಗ ಮಾತ್ರ ಮರಿ ಕೆಂಪು. ಕೆಂಪನ್ನು ಶುದ್ಧ ಕಪ್ಪಿನ ಜೊತೆ ಕೂಡಿಸಿದರೆ ಮೊದಲ ತಲೆಮಾರು ಪೂರ್ತಿ ಕಪ್ಪು, ಕೈಚೆಲ್ಲಿ ಕೂರಬೇಕು ಅನ್ನಿಸುತ್ತದೆ. ಆ ಕಪ್ಪು ಮರಿಗಳನ್ನು ತಮ್ಮ ತಮ್ಮಲ್ಲೇ ಕೂಡಲು ಬಿಟ್ಟರೆ ಸುಮಾರು ನಾಲ್ಕರಲ್ಲಿ ಒಂದು ಕೆಂಪಾಗಿ ಬರುತ್ತದೆ. ಕಾಯುವ ತಾಳ್ಮೆ ಇಲ್ಲದಿದ್ದರೆ ಈ ತಳಿ ಜಗತ್ತಿಗೆ ಸಿಗುತ್ತಲೇ ಇರಲಿಲ್ಲ.

ಬಿಸಿಲಿನ ವಿಷಯ. ಕ್ರಿಸ್ಟಲ್ ರೆಡ್‌ಗೆ 20ರಿಂದ 24 ಡಿಗ್ರಿ ನೀರು ಬೇಕು, ಅದೂ ಮೆದು ನೀರು (ಲವಣ ಕಮ್ಮಿ ಇರುವುದು), ಸ್ವಲ್ಪ ಹುಳಿ ಕಡೆಗೆ, ಪಿಎಚ್ 6ರ ಆಸುಪಾಸು. ಕಲಬುರಗಿಯ ಏಪ್ರಿಲ್‌ನಲ್ಲಿ ಇದಕ್ಕೆ ಚಿಲ್ಲರ್, ಅಂದರೆ ನೀರು ತಂಪು ಮಾಡುವ ಯಂತ್ರ, ಬೇಕೇ ಬೇಕು, ಕರೆಂಟು ಹೋದರೆ ಆತಂಕ. ನೀವು ಚೆರಿ ಸೀಗಡಿಯಿಂದ ಶುರು ಮಾಡಿ, ಅದು 28 ಡಿಗ್ರಿವರೆಗೆ ತಡೆಯುತ್ತದೆ, ಗಡಸು ನೀರಿಗೂ ಒಗ್ಗುತ್ತದೆ. ನೀರಿನ ಮೇಲೆ ಒಂದು ಸಣ್ಣ ಫ್ಯಾನ್ ಬೀಸಿದರೆ ನೀರು ಆವಿಯಾಗುತ್ತಾ ಒಂದೆರಡು ಡಿಗ್ರಿ ಇಳಿಯುತ್ತದೆ. ನಿಮ್ಮ ಕಡೆಯ ಒಣ ಹವೆಗೆ ಈ ಉಪಾಯ ಮಂಗಳೂರಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಆವಿಯಾದಷ್ಟು ನೀರನ್ನು ಬೋರ್‌ವೆಲ್ ನೀರಿನಿಂದ ತುಂಬಬೇಡಿ, ಲವಣ ಏರುತ್ತಾ ಹೋಗುತ್ತದೆ. ಆರ್‌ಒ ನೀರು ಹಾಕಿ.

ಪ್ರಶ್ನೆ: ಅಣ್ಣ ತಂಗಿಯರೇ ಕೂಡಿ ಕೂಡಿ ತಳಿ ಕೆಡುವುದಿಲ್ಲವೇ? (ಮಂಗಳೂರು)

ಉತ್ತರ: ಒಂದೇ ಜೋಡಿಯಿಂದ ಮುಂದುವರಿಸಿದರೆ ಕೆಡಬಹುದು. ಮೊಟ್ಟೆ ಕಮ್ಮಿಯಾಗುವುದು, ಮರಿ ಉಳಿಯದಿರುವುದು ಕಂಡರೆ ಅನುಮಾನ ಪಡಿ. ಅತಿ ಚೆಂದದ ಎರಡನ್ನೇ ಉಳಿಸುವ ಆಸೆ ಬಿಟ್ಟು, ಪ್ರತಿ ತಲೆಮಾರಿಗೂ ಚೆನ್ನಾಗಿರುವ 15-20 ಉಳಿಸಿಕೊಳ್ಳಿ. ಆಗಾಗ ಬೇರೆ ಸಾಕಣೆದಾರರಿಂದ ಅದೇ ಬಣ್ಣದ, ಅಷ್ಟೇ ದರ್ಜೆಯ ಗಂಡುಗಳನ್ನು ತನ್ನಿ. ತಂದವನ್ನು ಕೆಲವು ವಾರ ಬೇರೆ ಇಟ್ಟು ರೋಗ ಇಲ್ಲ ಅಂತ ನೋಡಿಕೊಂಡೇ ಬಿಡಿ. ರೋಗ ಕಂಡರೂ ತಾಮ್ರ ಇರುವ ಮೀನಿನ ಔಷಧಿ ಹಾಕಬೇಡಿ. ಅದು ಸೀಗಡಿಗೆ ವಿಷ.

ಪ್ರಶ್ನೆ: ಬೇಡವಾದ ಸೀಗಡಿಗಳನ್ನು ಊರಿನ ಕೆರೆಗೆ ಬಿಡಬಹುದೇ? ಸಾಯಿಸಲು ಮನಸ್ಸಿಲ್ಲ. (ಶಿವಮೊಗ್ಗ)

ಉತ್ತರ: ದಯವಿಟ್ಟು ಬಿಡಬೇಡಿ. ಜರ್ಮನಿಯ ಗಿಲ್‌ಬಾಖ್ ಎಂಬ ಹೊಳೆಗೆ ವಿದ್ಯುತ್ ಸ್ಥಾವರದ ಬಿಸಿ ನೀರು ಸೇರುತ್ತದೆ. ಅಂಥ ಚಳಿ ದೇಶದಲ್ಲೂ ಇದೇ ಚೆರಿ ಸೀಗಡಿ ಆ ಹೊಳೆಯಲ್ಲಿ ನೆಲೆ ನಿಂತಿದೆ. ನಮ್ಮ ಕೆರೆಗಳಿಗೆ ಯಾರೂ ಬಿಸಿ ನೀರು ಬಿಡಬೇಕಾಗಿಲ್ಲ, ಬಿಸಿಲೇ ಸಾಕು. ನಮ್ಮ ಹೊಳೆ ಕೆರೆಗಳಲ್ಲಿ ನಮ್ಮದೇ ಸಿಹಿನೀರಿನ ಸೀಗಡಿಗಳಿವೆ, ಅವುಗಳ ಜಾಗ, ಅವುಗಳ ಆಹಾರಕ್ಕೆ ಹೊರಗಿನದು ಕೈ ಹಾಕಬಾರದು. ಟ್ಯಾಂಕ್ ನೀರನ್ನೂ ಚರಂಡಿಗೆ ಸುರಿಯಬೇಡಿ, ಅದರಲ್ಲಿ ಸುಲಭಕ್ಕೆ ಕಣ್ಣಿಗೆ ಬೀಳದಷ್ಟು ಸಣ್ಣ ಮರಿಗಳಿರಬಹುದು, ಗಿಡಗಳಿಗೆ ಹಾಕಿ.

ಸಾಯಿಸುವ ಅಗತ್ಯವೂ ಇಲ್ಲ. ಬಣ್ಣ ಕಮ್ಮಿ ಅಂದ ಮಾತ್ರಕ್ಕೆ ಆ ಸೀಗಡಿಗೆ ಬೇರೇನೂ ಕಮ್ಮಿ ಇರುವುದಿಲ್ಲ. ಪಾಚಿ ತಿನ್ನುವುದರಲ್ಲಿ ಕಂದು ಸೀಗಡಿ ಕೆಂಪಿನಷ್ಟೇ ಗಟ್ಟಿ. ನೀರುಗಿಡದ ಟ್ಯಾಂಕ್ ಇಟ್ಟಿರುವ ಗೆಳೆಯರಿಗೆ ಕೊಡಿ, ಹೊಸದಾಗಿ ಶುರು ಮಾಡುವ ಮಕ್ಕಳಿಗೆ ಕೊಡಿ. ಕೊಡುವಾಗ ಇವು ತಳಿಗೆ ಆರಿಸಿದವಲ್ಲ ಅಂತ ಹೇಳಿಯೇ ಕೊಡಿ, ಕೆರೆಗೆ ಬಿಡಬಾರದು ಅಂತಲೂ ಹೇಳಿ.